ಒಂದೇ ಆಸ್ಪತ್ರೆಗೆ ಎರಡು ಯೂನಿಯನ್ ಯಾಕೆ? ಬ್ರಿಟನ್ನಿನ ಕಾರ್ಮಿಕ ಸಂಘಗಳ ಕಥೆ

ಪ್ರಶ್ನೆ: ನಾನು ದಾವಣಗೆರೆಯವಳು. ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದು ಕೆಲವು ತಿಂಗಳಾಯಿತು. ವಾರ್ಡಿನಲ್ಲಿ ಒಬ್ಬರು ನರ್ಸುಗಳದೇ ಯೂನಿಯನ್ ಆದ ಆರ್‌ಸಿಎನ್ ಸೇರು ಅಂತಾರೆ, ಇನ್ನೊಬ್ಬರು ಯೂನಿಸನ್ ಸೇರು ಅಂತಾರೆ. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು, ಅಲ್ಲಿ ಯೂನಿಯನ್ ಅಂದರೆ ಯಾವ ಪಕ್ಷದ್ದು ಅಂತಲೇ ಮೊದಲು ಕೇಳುತ್ತಿದ್ದರು. ಇಲ್ಲಿ ಆ ಮಾತೇ ಇಲ್ಲ, ಆದರೆ ರೈಲ್ವೆಗೇ ಮೂರು ಯೂನಿಯನ್ ಇವೆಯಂತೆ. ಯಾಕೆ ಹೀಗೆ? ನಮ್ಮಂಥ ಹೊರಗಿನವರನ್ನು ಇವರು ನಿಜವಾಗಿ ಸೇರಿಸಿಕೊಳ್ಳುತ್ತಾರಾ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಅದೂ ಮ್ಯಾಂಚೆಸ್ಟರಿನಿಂದ. ಬ್ರಿಟನ್ನಿನ ಬಹುಪಾಲು ಯೂನಿಯನ್ನುಗಳು ಸೇರಿ ಕಟ್ಟಿಕೊಂಡ ಟಿಯುಸಿ ಅನ್ನೋ ಒಕ್ಕೂಟದ ಮೊದಲ ಸಭೆ ನಡೆದದ್ದು 1868ರಲ್ಲಿ ನಿಮ್ಮ ಊರಲ್ಲೇ, ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ಕಟ್ಟಡ ಇನ್ನೂ ಇದೆ.

ಮೊದಲು ಚಿಕ್ಕ ಉತ್ತರ ಹೇಳಿಬಿಡ್ತೀನಿ. ನಮ್ಮಲ್ಲಿ ಬಹುಪಾಲು ದೊಡ್ಡ ಯೂನಿಯನ್ನುಗಳ ಹಿಂದೆ ಒಂದೊಂದು ಪಕ್ಷ ಇದೆ. ಕಾಂಗ್ರೆಸ್ಸಿಗೆ ಐಎನ್‌ಟಿಯುಸಿ, ಕಮ್ಯುನಿಸ್ಟರಿಗೆ ಎಐಟಿಯುಸಿ, ಸಿಐಟಿಯು, ಹೀಗೆ. ಬ್ರಿಟನ್ನಿನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಯೂನಿಯನ್ ಮೊದಲು ಹುಟ್ಟಿತು, ಪಕ್ಷ ಆಮೇಲೆ ಬಂತು, ಆ ಪಕ್ಷವನ್ನು ಕಟ್ಟಿದ್ದೇ ಯೂನಿಯನ್ನುಗಳು. ಹಾಗಾಗಿ ಅಲ್ಲಿ ಯೂನಿಯನ್ ಬೇರೆ ಬೇರೆ ಆಗಿದ್ದು ಪಕ್ಷದಿಂದಲ್ಲ, ಕೆಲಸದಿಂದ. ಕೂಲಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ, ಆ ಕೆಲಸ ಕಲಿಯೋಕೆ ಎಷ್ಟು ವರ್ಷ ಬೇಕು, ಗೇಟಿನ ಹೊರಗೆ ಎಷ್ಟು ಜನ ಕೆಲಸಕ್ಕೆ ಕಾಯುತ್ತಿದ್ದಾರೆ. ಈ ಮೂರು ಗೊತ್ತಾದರೆ ಆ ಕಸುಬಿನ ಯೂನಿಯನ್ ಹೇಗಿರುತ್ತೆ ಅಂತ ಹೆಚ್ಚುಕಮ್ಮಿ ಊಹಿಸಿಬಿಡಬಹುದು.

ಶುರುವಿನ ಕಾಲ ಕಷ್ಟದ್ದು. 1799 ಮತ್ತು 1800ರ ಕಾಯ್ದೆಗಳ ಪ್ರಕಾರ ಕೂಲಿ ಜಾಸ್ತಿ ಕೇಳೋಕೆ ಗುಂಪು ಕಟ್ಟಿದರೆ ಅದೇ ಅಪರಾಧ. 1824ರಲ್ಲಿ ಆ ಕಾಯ್ದೆಗಳು ಹೋದವು, ಆದರೆ ಮಾಲೀಕರ ಕೈಯಲ್ಲಿ ಬೇರೆ ಕಾನೂನುಗಳಿದ್ದವು. 1833ರಲ್ಲಿ ಡಾರ್ಸೆಟ್‌ನ ಟಾಲ್ಪಡಲ್ ಅನ್ನೋ ಹಳ್ಳಿಯ ಆರು ಮಂದಿ ಕೃಷಿಕೂಲಿಗಳು ಸಂಘ ಕಟ್ಟಿದರು. ವಾರದ ಕೂಲಿ ಇಳಿದು ಇಳಿದು 7 ಶಿಲಿಂಗಿಗೆ ಬಂದಿತ್ತು, ಇನ್ನೂ ಇಳಿಸುವ ಮಾತಿತ್ತು. ಸಂಘ ಕಟ್ಟಿದ್ದಕ್ಕೆ ಶಿಕ್ಷೆ ಕೊಡೋಕೆ ಕಾನೂನಿರಲಿಲ್ಲ. ಗುಟ್ಟಾಗಿ ಪ್ರಮಾಣ ಮಾಡಿಸಿದರು ಅನ್ನೋ ನೆಪ ಹುಡುಕಿ 1834ರಲ್ಲಿ 7 ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಲಂಡನ್ನಿನಲ್ಲಿ ಭಾರೀ ಮೆರವಣಿಗೆ ಆಯಿತು, 1836ರಲ್ಲಿ ಸರ್ಕಾರ ಕ್ಷಮೆ ಕೊಟ್ಟು ವಾಪಸ್ ಕರೆಸಬೇಕಾಯಿತು. ಇವತ್ತಿಗೂ ಪ್ರತಿ ಜುಲೈನಲ್ಲಿ ಆ ಹಳ್ಳಿಯಲ್ಲಿ ಕಾರ್ಮಿಕರು ಸೇರುತ್ತಾರೆ.

ಗಟ್ಟಿಯಾಗಿ ನಿಂತ ಮೊದಲ ದೊಡ್ಡ ಯೂನಿಯನ್ನುಗಳಲ್ಲಿ ಎಂಜಿನಿಯರಿಂಗ್ ಕುಶಲಕರ್ಮಿಗಳದ್ದು ಒಂದು, 1851ರಲ್ಲಿ ಕಟ್ಟಿದ್ದು. ಫಿಟ್ಟರು, ಟರ್ನರು, ಇಂಥವರು. ಚಂದಾ ವಾರಕ್ಕೆ ಒಂದು ಶಿಲಿಂಗ್, ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಅದಕ್ಕೆ ಬದಲಾಗಿ ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಸತ್ತರೆ ಹಣ ಸಿಗುತ್ತಿತ್ತು. ಇವರ ಬಲ ಇದ್ದದ್ದು ಮುಷ್ಕರದಲ್ಲಲ್ಲ, ಅಪ್ರೆಂಟಿಸ್ ಪದ್ಧತಿಯಲ್ಲಿ. ವರ್ಷಗಟ್ಟಲೆ ಕೆಲಸ ಕಲಿತವನಿಗೇ ಸದಸ್ಯತ್ವ. ಕಲಿತವರ ಸಂಖ್ಯೆ ಕಮ್ಮಿ ಇದ್ದಷ್ಟೂ ಕೂಲಿ ಜಾಸ್ತಿ. ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳೋದೇ ಅವರ ಲೆಕ್ಕಾಚಾರ. ಈ ಯೂನಿಯನ್ ಹೆಂಗಸರಿಗೆ ಬಾಗಿಲು ತೆಗೆದದ್ದು 1943ರಲ್ಲಿ, ಅದೂ ಯುದ್ಧದ ಒತ್ತಡಕ್ಕೆ ಸಿಕ್ಕಿ.

ಹತ್ತಿ ಮಿಲ್ಲಿನ ವಿಷಯ ನಿಮಗೆ ಹತ್ತಿರದ್ದು, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಾಶೈರ್ ಮಿಲ್ಲುಗಳಲ್ಲಿ ನೂಲುವವರ ಯೂನಿಯನ್ ಬೇರೆ, ನೇಯುವವರ ಯೂನಿಯನ್ ಬೇರೆ. ನೂಲುವವರು ಗಂಡಸರು, ತಮ್ಮ ಕೈಕೆಳಗಿನ ಹುಡುಗರಿಗೆ ತಾವೇ ಕೂಲಿ ಕೊಡುತ್ತಿದ್ದರು, ಆ ಹುಡುಗರು ಮೇಲೆ ಬರದಂತೆ ನೋಡಿಕೊಳ್ಳುತ್ತಲೂ ಇದ್ದರು. ನೇಯುವ ಕಡೆ ಹೆಂಗಸರೇ ಜಾಸ್ತಿ, ಅವರನ್ನು ಬಿಟ್ಟು ಯೂನಿಯನ್ ನಡೆಸೋಕೆ ಸಾಧ್ಯವೇ ಇರಲಿಲ್ಲ. ಅದಕ್ಕೇ ಅಲ್ಲಿ ಗಂಡಸು ಹೆಂಗಸು ಇಬ್ಬರೂ ಒಂದೇ ಯೂನಿಯನ್ನಿನಲ್ಲಿದ್ದರು, ತುಂಡಿನ ಲೆಕ್ಕದ ಕೂಲಿಯ ದರವೂ ಇಬ್ಬರಿಗೂ ಒಂದೇ. 19ನೇ ಶತಮಾನದಲ್ಲಿ ಇದು ತೀರಾ ಅಪರೂಪ.

ಈ ತುಂಡಿನ ಲೆಕ್ಕ ಸುಮ್ನೆ ಅಲ್ಲ. ಬಟ್ಟೆಯ ಅಗಲ ಎಷ್ಟು, ಒಂದು ಇಂಚಿಗೆ ಎಷ್ಟು ಎಳೆ, ನೂಲು ಎಷ್ಟು ಸಣ್ಣದು, ಉದ್ದ ಎಷ್ಟು, ಇವೆಲ್ಲ ಸೇರಿ ಕೂಲಿ ನಿಗದಿ. 1853ರ ಬ್ಲ್ಯಾಕ್‌ಬರ್ನ್ ದರಪಟ್ಟಿ ಇದರಲ್ಲಿ ಹೆಸರಾದದ್ದು. ಮಾಲೀಕರ ಗುಮಾಸ್ತ ಒಂದು ಲೆಕ್ಕ ಹೇಳಿದರೆ ಅದನ್ನು ಅಲ್ಲೇ ಪರೀಕ್ಷಿಸಿ ತಪ್ಪು ಹಿಡಿಯುವವನು ನೇಕಾರರ ಕಡೆಯೂ ಬೇಕಲ್ವಾ? ಅದಕ್ಕೆ ಹತ್ತಿ ಯೂನಿಯನ್ನುಗಳು ತಮ್ಮ ಕಾರ್ಯದರ್ಶಿಯನ್ನು ಆರಿಸುವಾಗ ಲಿಖಿತ ಪರೀಕ್ಷೆ ಇಡುತ್ತಿದ್ದವು. ಭಾಗಾಕಾರ, ಭಿನ್ನರಾಶಿ, ಬಟ್ಟೆಯ ಕೂಲಿ ಲೆಕ್ಕ, ಒಂದು ಪತ್ರ ಬರೆಯೋದು. ಭಾಷಣ ಚೆನ್ನಾಗಿ ಮಾಡ್ತಾನೆ ಅಂತ ಯಾರನ್ನೂ ಕೂರಿಸುತ್ತಿರಲಿಲ್ಲ. ನನಗೆ ಬ್ರಿಟಿಷ್ ಕಾರ್ಮಿಕ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿಗಳಲ್ಲಿ ಇದೊಂದು. ಮಗ್ಗಗಳ ಸದ್ದು ಎಷ್ಟಿತ್ತೆಂದರೆ ಹೆಂಗಸರು ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳೋದನ್ನು ಕಲಿತಿದ್ದರು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರೂ ಯೂನಿಯನ್ ಮಾತು ಆಡಬಹುದಿತ್ತು.

ಕಲ್ಲಿದ್ದಲು ಗಣಿಯಲ್ಲೂ ಜಗಳ ಲೆಕ್ಕದ್ದೇ, ಆದರೆ ಅಲ್ಲಿ ತೂಕದ್ದು. ನೆಲದಡಿ ಕಲ್ಲಿದ್ದಲು ಕಡಿಯುವವನು ಗಾಡಿ ತುಂಬಿಸಿ, ತನ್ನ ನಂಬರಿನ ಬಿಲ್ಲೆ ಕಟ್ಟಿ ಮೇಲೆ ಕಳಿಸುತ್ತಿದ್ದ. ಮೇಲೆ ಮಾಲೀಕನ ಮನುಷ್ಯ ತೂಕ ಮಾಡುತ್ತಿದ್ದ. ತೂಕ ಕಮ್ಮಿ, ಕಲ್ಲು ಜಾಸ್ತಿ ಇದೆ ಅಂತ ಅವನು ಹೇಳಿದರೆ ಆ ಗಾಡಿಗೆ ಕಾಸಿಲ್ಲ. ಕೆಳಗೆ ಕತ್ತಲಲ್ಲಿ ಮಲಗಿಕೊಂಡು ಕಡಿಯುತ್ತಿರುವವನು ಮೇಲೆ ಬಂದು ತಕ್ಕಡಿ ನೋಡೋಕಾಗುತ್ತಾ? ಹಾಗಾಗಿ ನಮ್ಮ ಕಡೆಯಿಂದಲೂ ಒಬ್ಬ ತಕ್ಕಡಿ ಪಕ್ಕ ನಿಲ್ಲಲಿ ಅಂತ ಗಣಿ ಕೆಲಸಗಾರರು ಹಟ ಹಿಡಿದರು. 1860ರ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿತು. ಆದರೆ ಅವನು ಅದೇ ಗಣಿಯ ಕೆಲಸಗಾರನಾಗಿರಬೇಕು ಅಂತಿದ್ದದ್ದರಿಂದ ಮಾಲೀಕರು ಅವನನ್ನು ಕೆಲಸದಿಂದಲೇ ತೆಗೆದು ಕಾನೂನಿಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದರು. 1887ರಲ್ಲಿ ಆ ತೂತೂ ಮುಚ್ಚಿತು.

ಈ ತೂಕ ನೋಡುವವನಿಗೆ ಸಂಬಳ ಕೊಡುತ್ತಿದ್ದವರು ಗಣಿ ಕೆಲಸಗಾರರೇ, ತಮ್ಮ ಕೂಲಿಯಿಂದ ಮುರಿದು. ಅಂದರೆ ಇಡೀ ಗಣಿಯಲ್ಲಿ ಮಾಲೀಕನಿಗೆ ಹೆದರಬೇಕಿಲ್ಲದ ಒಬ್ಬನೇ ಒಬ್ಬ ಮನುಷ್ಯ ಅವನು. ಲೆಕ್ಕ ಬಲ್ಲವನು, ಎಲ್ಲರ ನಂಬಿಕೆ ಗಳಿಸಿದವನು. ಗಣಿ ಯೂನಿಯನ್ನುಗಳ ಎಷ್ಟೋ ಮುಖಂಡರು ಈ ತಕ್ಕಡಿ ಪಕ್ಕದಿಂದಲೇ ಬಂದವರು. 1874ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಹೋದ ಮೊದಲ ಇಬ್ಬರು ಕಾರ್ಮಿಕರು, ಥಾಮಸ್ ಬರ್ಟ್ ಮತ್ತು ಅಲೆಕ್ಸಾಂಡರ್ ಮ್ಯಾಕ್ಡೊನಾಲ್ಡ್, ಇಬ್ಬರೂ ಗಣಿಯವರೇ. ಒಂದೇ ಊರು, ಒಂದೇ ಕೆಲಸ, ಎಷ್ಟೋ ಕಡೆ ಮನೆಯೂ ಕಂಪನಿಯದ್ದೇ. ಮುಷ್ಕರ ಹೂಡಿದರೆ ಮನೆಯಿಂದಲೂ ಹೊರಗೆ. ಗಣಿಯವರ ಒಗ್ಗಟ್ಟು ಅಲ್ಲಿಂದ ಬಂದದ್ದು. ಸಾವೂ ಅಷ್ಟೇ ಹತ್ತಿರವಿತ್ತು, 1913ರಲ್ಲಿ ವೇಲ್ಸಿನ ಸೆಂಘೆನಿಡ್ ಗಣಿ ಸ್ಫೋಟದಲ್ಲಿ 439 ಮಂದಿ ಗಣಿಗರು ಸತ್ತರು.

ಈವರೆಗೆ ಹೇಳಿದ್ದು ಕಸುಬು ಗೊತ್ತಿದ್ದವರ ಕಥೆ. ಕಸುಬೇ ಇಲ್ಲದವರು, ಗೇಟಿನ ಹೊರಗೆ ಸಾವಿರಾರು ಜನ ಕಾಯುವಂಥ ಕೆಲಸದವರು ಯೂನಿಯನ್ ಕಟ್ಟೋಕಾಗಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1888 ಮತ್ತು 1889 ಆ ಮಾತನ್ನು ಸುಳ್ಳು ಮಾಡಿದವು. ಪೂರ್ವ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಮಾತಾಡಿದರೆ ದಂಡ, ಕಡ್ಡಿ ಬೀಳಿಸಿದರೆ ದಂಡ, ಕೇಳದೆ ಶೌಚಕ್ಕೆ ಹೋದರೆ ದಂಡ. ಅಲ್ಲಿ ಬಳಸುತ್ತಿದ್ದ ಬಿಳಿ ರಂಜಕದಿಂದ ದವಡೆ ಮೂಳೆಯೇ ಕೊಳೆಯುವ ರೋಗ ಬೇರೆ. ಆ್ಯನಿ ಬೆಸೆಂಟ್ ಇದನ್ನು ಪತ್ರಿಕೆಯಲ್ಲಿ ಬರೆದರು. ಹೌದು, ಆಮೇಲೆ ನಮ್ಮಲ್ಲಿಗೆ ಬಂದು ಹೋಂ ರೂಲ್ ಚಳವಳಿ ನಡೆಸಿದ ಅದೇ ಬೆಸೆಂಟ್. ಬರೆದದ್ದು ಸುಳ್ಳು ಅಂತ ಸಹಿ ಮಾಡಿ ಅಂತ ಮಾಲೀಕರು ಕೆಲಸಗಾರ್ತಿಯರನ್ನು ಒತ್ತಾಯಿಸಿದರು. ಅವರು ಸಹಿ ಮಾಡಲಿಲ್ಲ, ಸುಮಾರು 1,400 ಹೆಂಗಸರು, ಹುಡುಗಿಯರು ಹೊರಗೆ ಬಂದರು. ಮುಷ್ಕರ ಹೂಡಿ ಅಂತ ಬೆಸೆಂಟ್ ಹೇಳಿರಲಿಲ್ಲ, ಹೆಂಗಸರೇ ಹೂಡಿದ್ದು, ಇದನ್ನು ಒತ್ತಿ ಹೇಳಬೇಕು. ಕೆಲವೇ ವಾರದಲ್ಲಿ ಗೆದ್ದರು, ದಂಡಗಳು ರದ್ದಾದವು.

ಮಾರನೇ ವರ್ಷ ಬೆಕ್ಟನ್ ಗ್ಯಾಸ್ ಕಾರ್ಖಾನೆಯ ವಿಲ್ ಥಾರ್ನ್ ಯೂನಿಯನ್ ಕಟ್ಟಿ 12 ಗಂಟೆಯ ಪಾಳಿಯನ್ನು 8 ಗಂಟೆಗೆ ಇಳಿಸಿದ. ಅವನಿಗೆ ಸರಿಯಾಗಿ ಓದು ಬರಹ ಕಲಿಸಿದವಳು ಕಾರ್ಲ್ ಮಾರ್ಕ್ಸ್‌ನ ಮಗಳು ಎಲಿನರ್. ಅದೇ ಆಗಸ್ಟಿನಲ್ಲಿ ಲಂಡನ್ ಬಂದರಿನ ಹಮಾಲರು ಎದ್ದರು. ಅವರ ಕೆಲಸ ಹೇಗಿತ್ತು ಅಂದರೆ, ಬೆಳಿಗ್ಗೆ ಗೇಟಿನ ಹತ್ತಿರ ನೂರಾರು ಜನ ಒಬ್ಬರ ಮೇಲೊಬ್ಬರು ಬಿದ್ದು ನಿಲ್ಲುತ್ತಾರೆ, ಮೇಸ್ತ್ರಿ ಬಂದು ಬೇಕಾದವರನ್ನು ಬೆರಳು ತೋರಿಸಿ ಕರೆಯುತ್ತಾನೆ, ಕೆಲವೊಮ್ಮೆ ಒಂದೆರಡು ಗಂಟೆಯ ಕೆಲಸಕ್ಕೆ. ಅವರು ಕೇಳಿದ್ದು ಗಂಟೆಗೆ 6 ಪೆನ್ಸ್, ಮತ್ತು ಕರೆದರೆ ಕನಿಷ್ಠ 4 ಗಂಟೆ ಕೆಲಸ ಕೊಡಬೇಕು ಅಂತ. ಬೆನ್ ಟಿಲೆಟ್, ಟಾಮ್ ಮಾನ್, ಜಾನ್ ಬರ್ನ್ಸ್ ಮುಂದೆ ನಿಂತರು. ಹಣ ಖಾಲಿಯಾಗಿ ಇನ್ನೇನು ಸೋತರು ಅನ್ನೋ ಹೊತ್ತಿಗೆ ಆಸ್ಟ್ರೇಲಿಯಾದ ಕಾರ್ಮಿಕರು ಸುಮಾರು 30,000 ಪೌಂಡ್ ಕಳಿಸಿದರು. ಐದನೇ ವಾರಕ್ಕೆ 6 ಪೆನ್ಸ್ ಸಿಕ್ಕಿತು. ಇಲ್ಲಿಂದ ಹುಟ್ಟಿದ ಯೂನಿಯನ್ನುಗಳು ಎಂಜಿನಿಯರುಗಳಿಗೆ ಪೂರಾ ಉಲ್ಟಾ. ಚಂದಾ ಕಮ್ಮಿ, ಬಾಗಿಲು ಎಲ್ಲರಿಗೂ ತೆರೆದಿದೆ, ಸಂಖ್ಯೆಯೇ ಬಲ. ನಿಮ್ಮ ಆಸ್ಪತ್ರೆಯ ಯೂನಿಸನ್ ಈ ಜಾತಿಯದು.

ಇನ್ನು ರೈಲ್ವೆ, ಅಲ್ಲಿಂದಲೇ ಪಕ್ಷದ ಕಥೆ. ಎಂಜಿನ್ ಡ್ರೈವರುಗಳು 1880ರಲ್ಲೇ ತಮ್ಮದೇ ಬೇರೆ ಯೂನಿಯನ್ ಮಾಡಿಕೊಂಡರು, ಆಸ್ಲೆಫ್ ಅಂತ. ಡ್ರೈವರ್ ಆಗೋಕೆ ವರ್ಷಗಟ್ಟಲೆ ಬೇಕು, ಅವನು ಇಳಿದು ನಿಂತರೆ ರೈಲೂ ನಿಂತಿತು. ಹಾಗಾಗಿ ಪೋರ್ಟರು, ಗಾರ್ಡುಗಳ ಜತೆ ಬೆರೆಯೋ ಅಗತ್ಯ ಅವರಿಗೆ ಕಾಣಲಿಲ್ಲ. 1913ರಲ್ಲಿ ಉಳಿದವರಲ್ಲಿ ಹಲವರು ಒಂದಾದಾಗಲೂ ಇವರು ಸೇರಲಿಲ್ಲ, ಇವತ್ತಿಗೂ ಸೇರಿಲ್ಲ. ಮಿಕ್ಕವರು ಆರ್‌ಎಂಟಿಯಲ್ಲಿ, ಆಫೀಸಿನವರು ಹೆಚ್ಚಾಗಿ ಟಿಎಸ್‌ಎಸ್‌ಎಯಲ್ಲಿ. ಅದೇ ನೀವು ಕೇಳಿದ ಮೂರು. ನಮ್ಮ ರೈಲ್ವೆಯಲ್ಲೂ ಲೋಕೋ ಪೈಲಟ್‌ಗಳ ಸಂಘ ಬೇರೆಯೇ ಇದೆ, ನೋಡಿ.

1900ರಲ್ಲಿ ವೇಲ್ಸಿನ ಟಾಫ್ ವೇಲ್ ರೈಲ್ವೆಯಲ್ಲಿ ಮುಷ್ಕರ ನಡೆಯಿತು. ಮುಷ್ಕರದಿಂದ ನಷ್ಟವಾಯಿತು, ಅದನ್ನು ಯೂನಿಯನ್ನೇ ಕಟ್ಟಿಕೊಡಬೇಕು ಅಂತ ಕಂಪನಿ ಕೋರ್ಟಿಗೆ ಹೋಯಿತು. 1901ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಅದೇ) ಕಂಪನಿಯ ಕಡೆಗೇ ತೀರ್ಪು ಕೊಟ್ಟಿತು. ಪರಿಹಾರ 23,000 ಪೌಂಡ್, ಕೋರ್ಟು ಖರ್ಚೆಲ್ಲ ಸೇರಿ 42,000. ಇನ್ನು ಮುಷ್ಕರ ಹೂಡಿದರೆ ಯೂನಿಯನ್ ಪೆಟ್ಟಿಗೆಯೇ ಖಾಲಿ ಅಂತ ಎಲ್ಲರಿಗೂ ಗೊತ್ತಾಯಿತು. ಪಾರ್ಲಿಮೆಂಟಿನಲ್ಲಿ ನಮ್ಮವರು ಇರಲಿ ಅಂತ 1900ರಲ್ಲೇ ಯೂನಿಯನ್ನುಗಳು, ಸಮಾಜವಾದಿ ಗುಂಪುಗಳು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ಅದರ ಗೊತ್ತುವಳಿ ಹುಟ್ಟಿದ್ದೂ ರೈಲ್ವೆ ಯೂನಿಯನ್ನಿನಿಂದಲೇ. ತೀರ್ಪು ಬಂದ ಮೇಲೆ ಯೂನಿಯನ್ನುಗಳು ಸಾಲುಸಾಲಾಗಿ ಅದಕ್ಕೆ ಬಂದವು. 1906ರ ಚುನಾವಣೆಯಲ್ಲಿ 29 ಮಂದಿ ಗೆದ್ದರು, ಲೇಬರ್ ಪಕ್ಷ ಅಂತ ಹೆಸರಿಟ್ಟುಕೊಂಡರು, ಅದೇ ವರ್ಷ ಹೊಸ ಕಾಯ್ದೆ ಬಂದು ತೀರ್ಪಿನ ಪೆಟ್ಟು ಹೋಯಿತು.

ಇದು ದೂರದ ಕಥೆ ಅನ್ನಿಸಬಹುದು. ಆದರೆ ಮದ್ರಾಸಿನಲ್ಲೂ ಇದೇ ನಡೆಯಿತು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಕೆಲಸಗಾರರು 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು, ಅಧ್ಯಕ್ಷರು ಬೆಸೆಂಟರ ಒಡನಾಡಿ ಬಿ.ಪಿ. ವಾಡಿಯಾ. ನಮ್ಮ ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟ ಅದೇ ಬಿನ್ನಿ. ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಗಿ ವಾಡಿಯಾ ಮತ್ತಿತರರ ಮೇಲೆ ತಡೆಯಾಜ್ಞೆ ತಂದಿತು. ಯೂನಿಯನ್ನಿಗೆ ಕಾನೂನಿನ ರಕ್ಷಣೆಯೇ ಇಲ್ಲ ಅಂತ ಆಗ ಇಡೀ ದೇಶಕ್ಕೆ ಗೊತ್ತಾಗಿ, ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಪಟ್ಟು ಹಿಡಿದು, ಕೊನೆಗೆ 1926ರ ನಮ್ಮ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ನಿಮ್ಮ ಅಪ್ಪನ ಯೂನಿಯನ್ ನೋಂದಣಿ ಆಗಿದ್ದರೆ ಅದೇ ಕಾಯ್ದೆಯಡಿ ಆಗಿರಬೇಕು.

ಅದೇ 1926ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ. ಗಣಿಯವರ ಕೂಲಿ ಕಡಿತದ ವಿರುದ್ಧ ರೈಲು, ಬಂದರು, ಮುದ್ರಣ, ಉಕ್ಕು ಎಲ್ಲ ನಿಂತಿತು. ಒಂಬತ್ತೇ ದಿನಕ್ಕೆ ಟಿಯುಸಿ ಹಿಂದೆ ಸರಿಯಿತು. ಗಣಿಯವರು ಒಂಟಿಯಾಗಿ ನವೆಂಬರ್‌ವರೆಗೆ ಎಳೆದು, ಹಸಿದು, ಸೋತರು.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರ್ತೀನಿ, ಹೊರಗಿನವರನ್ನು ಸೇರಿಸಿಕೊಳ್ಳುತ್ತಾರಾ ಅನ್ನೋದಕ್ಕೆ. ನೇರವಾಗಿ ಹೇಳ್ತೀನಿ, ಬಹಳ ಕಾಲ ಸೇರಿಸಿಕೊಳ್ಳಲಿಲ್ಲ. ಬ್ರಿಸ್ಟಲ್ ನಗರದ ಬಸ್ಸುಗಳಲ್ಲಿ ಕಪ್ಪು ಮತ್ತು ಏಷ್ಯಾದ ಜನರಿಗೆ ಡ್ರೈವರ್, ಕಂಡಕ್ಟರ್ ಕೆಲಸ ಕೊಡುತ್ತಿರಲಿಲ್ಲ. ಅದಕ್ಕೆ ಅಲ್ಲಿನ ಯೂನಿಯನ್ ಶಾಖೆಯ ಬೆಂಬಲವೂ ಇತ್ತು, 1955ರಲ್ಲಿ ಗೊತ್ತುವಳಿಯನ್ನೇ ಮಾಡಿದ್ದರು. 1963ರಲ್ಲಿ ಊರಿನ ವೆಸ್ಟ್ ಇಂಡೀಸ್ ಮೂಲದವರು ಬಸ್ ಹತ್ತೋದನ್ನೇ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ಕಂಪನಿ ಮಣಿಯಿತು, ಬಿಳಿಯರಲ್ಲದ ಮೊದಲ ಕಂಡಕ್ಟರ್ ಆಗಿ ಬಂದವರು ಒಬ್ಬ ಸಿಖ್. 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್‌ನಲ್ಲಿ ಏಷ್ಯಾದ ಕೆಲಸಗಾರರು ಮುಷ್ಕರ ಹೂಡಿದಾಗಲೂ ಅವರದೇ ಯೂನಿಯನ್ ಬೆನ್ನಿಗೆ ನಿಲ್ಲಲಿಲ್ಲ.

ಬದಲಾವಣೆ ಕಣ್ಣಿಗೆ ಕಂಡದ್ದು 1976ರಲ್ಲಿ, ಉತ್ತರ ಲಂಡನ್ನಿನ ಗ್ರನ್ವಿಕ್ ಅನ್ನೋ ಫೋಟೋ ಲ್ಯಾಬಿನಲ್ಲಿ. ಜನ ಅಂಚೆಯಲ್ಲಿ ಫಿಲ್ಮ್ ರೋಲು ಕಳಿಸಿದರೆ ಇವರು ತೊಳೆದು ಫೋಟೋ ಮಾಡಿ ವಾಪಸ್ ಕಳಿಸುತ್ತಿದ್ದರು. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಹೆಂಗಸರು. ಕಡ್ಡಾಯ ಓವರ್‌ಟೈಮ್, ಶೌಚಕ್ಕೂ ಕೈ ಎತ್ತಿ ಕೇಳಬೇಕು. ಆಗಸ್ಟಿನ ಬೇಸಿಗೆಯಲ್ಲಿ ಒಂದು ಸಂಜೆ ಜಯಾಬೆನ್ ದೇಸಾಯಿ ಮ್ಯಾನೇಜರಿಗೆ ಎದುರು ಮಾತಾಡಿ ಮಗನ ಜತೆ ಎದ್ದು ಹೊರಗೆ ನಡೆದರು. ಐದಡಿಯೂ ಇಲ್ಲದ, ಸೀರೆ ಉಟ್ಟು ಕೈಚೀಲ ಹಿಡಿದು ಗೇಟಿನಲ್ಲಿ ನಿಂತ ಆ ಹೆಂಗಸಿನ ಹಿಂದೆ ನೂರಕ್ಕೂ ಹೆಚ್ಚು ಜನ ಬಂದರು. ಯೂನಿಯನ್ ಸೇರಿದರು, ಕಂಪನಿ ಎಲ್ಲರನ್ನೂ ಕೆಲಸದಿಂದ ತೆಗೆಯಿತು. ಆ ವ್ಯಾಪಾರದ ಜೀವ ಇದ್ದದ್ದು ಅಂಚೆಯಲ್ಲಿ, ಅಲ್ವಾ? ಕ್ರಿಕಲ್‌ವುಡ್‌ನ ಅಂಚೆ ಕೆಲಸಗಾರರು ಗ್ರನ್ವಿಕ್‌ನ ಟಪಾಲು ಮುಟ್ಟಲ್ಲ ಅಂದರು. 1977ರಲ್ಲಿ ಯಾರ್ಕ್‌ಶೈರ್‌ನಿಂದ ಗಣಿ ಕೆಲಸಗಾರರು ಬಸ್ಸು ಬಸ್ಸಾಗಿ ಬಂದು ಅವರ ಜತೆ ನಿಂತರು. ಲಂಡನ್ನಿನ ಬಂದರು ಕೆಲಸಗಾರರೂ ಬಂದರು. ಒಂಬತ್ತು ವರ್ಷದ ಹಿಂದೆ ವಲಸಿಗರ ವಿರುದ್ಧ ಮಾತಾಡಿದ ರಾಜಕಾರಣಿ ಇನಾಕ್ ಪೊವೆಲ್ ಪರವಾಗಿ ಮೆರವಣಿಗೆ ಮಾಡಿದ್ದು ಇದೇ ಬಂದರಿನವರು.

ಆದರೂ ಆ ಹೋರಾಟ ಸೋತಿತು. ಸರ್ಕಾರ ನೇಮಿಸಿದ ವಿಚಾರಣೆ ಅವರನ್ನು ವಾಪಸ್ ತೆಗೆದುಕೊಳ್ಳಿ ಅಂದರೂ ಮಾಲೀಕ ಒಪ್ಪಲಿಲ್ಲ. ಟಪಾಲು ಬಂದ್ ಕಾನೂನುಬಾಹಿರ ಅಂತಾಯಿತು, ದೊಡ್ಡ ಯೂನಿಯನ್ನುಗಳು ಮೆಲ್ಲಗೆ ಜಾರಿಕೊಂಡವು. ಟಿಯುಸಿ ಕಚೇರಿ ಎದುರು ಉಪವಾಸ ಕೂತಿದ್ದಕ್ಕೆ ಜಯಾಬೆನ್ ಮತ್ತು ಜತೆಗಾರರನ್ನು ಅವರದೇ ಯೂನಿಯನ್ ಅಮಾನತು ಮಾಡಿತು. 1978ರ ಜುಲೈಗೆ ಮುಗಿಯಿತು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟೂ ಬರುತ್ತೆ, ಹೆಮ್ಮೆಯೂ ಆಗುತ್ತೆ. ಸೋತರೂ ಒಂದು ಆಯಿತು. ಏಷ್ಯಾದ ಹೆಂಗಸರು ಹೋರಾಡಲ್ಲ ಅನ್ನೋ ಮಾತು ಅಲ್ಲಿಗೆ ನಿಂತಿತು.

ಬಿಳಿಯ ಹೆಂಗಸರಿಗೂ ಸುಲಭವಿರಲಿಲ್ಲ, ಅದನ್ನೂ ಹೇಳಬೇಕು. 1968ರಲ್ಲಿ ಡ್ಯಾಗನಂನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ 187 ಹೆಂಗಸರು, ನಮ್ಮದು ಕಸುಬಿನ ಕೆಲಸ, ಕಸುಬಿಲ್ಲದವರ ದರ್ಜೆಗೆ ಯಾಕೆ ಹಾಕಿದಿರಿ ಅಂತ ಮೂರು ವಾರ ಮುಷ್ಕರ ಮಾಡಿದರು. ಸೀಟಿಲ್ಲದೆ ಕಾರು ಮಾರೋಕಾಗುತ್ತಾ? 1970ರ ಸಮಾನ ವೇತನ ಕಾಯ್ದೆಗೆ ಅದೇ ದಾರಿ ಮಾಡಿತು. ಅವರು ಕೇಳಿದ ದರ್ಜೆ ಮಾತ್ರ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ.

1979ರಲ್ಲಿ ಯೂನಿಯನ್ ಸದಸ್ಯರ ಸಂಖ್ಯೆ 1 ಕೋಟಿ 30 ಲಕ್ಷ ದಾಟಿತ್ತು. ಈಗ ಅದರ ಅರ್ಧದಷ್ಟೂ ಇಲ್ಲ. ಥ್ಯಾಚರ್ ಕಾಲದ ಕಾಯ್ದೆಗಳು ಒಂದು ಕಾರಣ. ಮುಷ್ಕರಕ್ಕೆ ಮೊದಲು ಗುಪ್ತ ಮತದಾನ ಬೇಕು, ಇನ್ನೊಂದು ಕಂಪನಿಯ ಕೆಲಸಗಾರರಿಗಾಗಿ ನೀವು ಮುಷ್ಕರ ಮಾಡುವ ಹಾಗಿಲ್ಲ. ಗ್ರನ್ವಿಕ್‌ನಲ್ಲಿ ಅಂಚೆಯವರು ಮಾಡಿದ್ದನ್ನು ಇವತ್ತು ಮಾಡೋಕಾಗಲ್ಲ. ಆದರೆ ಕಾಯ್ದೆಗಿಂತ ದೊಡ್ಡ ಕಾರಣ ಕೆಲಸವೇ ಹೋದದ್ದು. ಬಂದರಿಗೆ ಕಂಟೇನರ್ ಬಂತು, ಮಿಲ್ಲು ಮುಚ್ಚಿತು. ಗಣಿಯವರು 1972ರಲ್ಲಿ ಗೆದ್ದರು, 1974ರಲ್ಲಿ ಅವರ ಮುಷ್ಕರದ ನಡುವೆ ಪ್ರಧಾನಿ ಹೀತ್ ಚುನಾವಣೆ ಕರೆದು ಸೋತರು, ಯಾಕಂದರೆ ಆಗ ಕರೆಂಟು ಬರುತ್ತಿದ್ದದ್ದು ಕಲ್ಲಿದ್ದಲಿನಿಂದ. 1984ರಲ್ಲಿ ಗಣಿಯವರು ಮತ್ತೆ ಮುಷ್ಕರ ಹೂಡಿದಾಗ ಸರ್ಕಾರ ಮೊದಲೇ ಕಲ್ಲಿದ್ದಲು ರಾಶಿ ಹಾಕಿಕೊಂಡು ಕೂತಿತ್ತು, ನಾಟಿಂಗ್‌ಹ್ಯಾಂಶೈರ್ ಗಣಿಗರಲ್ಲಿ ಬಹುಪಾಲು ಜನ, ದೇಶಮಟ್ಟದ ಮತದಾನ ನಡೆಸಲಿಲ್ಲ ಅಂತ ಕೆಲಸ ಮುಂದುವರಿಸಿದರು. ಗಣಿ ಯೂನಿಯನ್ನಿನ ಅಧ್ಯಕ್ಷ ಆರ್ಥರ್ ಸ್ಕಾರ್ಗಿಲ್ ಆ ಮತದಾನ ನಡೆಸದೇ ಹೋದದ್ದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಸುಮಾರು ಒಂದು ವರ್ಷ ಹೋರಾಡಿ 1985ರ ಮಾರ್ಚಿನಲ್ಲಿ ವಾಪಸಾದರು. ಕೊನೆಯ ಆಳದ ಗಣಿ ಕೆಲಿಂಗ್ಲಿ 2015ರಲ್ಲಿ ಮುಚ್ಚಿತು. ಹಳೆಯ ಯೂನಿಯನ್ನುಗಳು ಒಂದಕ್ಕೊಂದು ಸೇರಿ ಈಗ ಯುನೈಟ್, ಜಿಎಂಬಿ ಅಂತ ದೊಡ್ಡ ಹೆಸರುಗಳಾಗಿವೆ. ಥಾರ್ನ್ ಕಟ್ಟಿದ ಗ್ಯಾಸ್ ಯೂನಿಯನ್ನೇ ಬೆಳೆದು ಜಿಎಂಬಿ ಆಯಿತು.

ಯೂನಿಯನ್ ಈಗ ಜಾಸ್ತಿ ಉಳಿದಿರೋದು ಶಾಲೆ, ಸರ್ಕಾರಿ ಕಚೇರಿ, ಆಸ್ಪತ್ರೆಗಳಲ್ಲಿ. ಅಂದರೆ ನಿಮ್ಮಲ್ಲಿ. ಆರ್‌ಸಿಎನ್ 1916ರಲ್ಲಿ ಕಾಲೇಜ್ ಆಫ್ ನರ್ಸಿಂಗ್ ಅಂತ ಶುರುವಾಯಿತು, ಯೂನಿಯನ್ ಅನ್ನೋ ಹೆಸರೇ ಅದಕ್ಕೆ ಬೇಡವಾಗಿತ್ತು. ನರ್ಸಿಂಗ್‌ನವರಿಗೆ ಮಾತ್ರ, ತರಬೇತಿ ಮತ್ತು ವೃತ್ತಿಯ ಗೌರವವೇ ಮುಖ್ಯ, ಮುಷ್ಕರ ಬೇಡ ಅಂತ ನಿಯಮವೇ ಇತ್ತು, ಅದನ್ನು ತೆಗೆದದ್ದು 1995ರಲ್ಲಿ. ಟಿಯುಸಿಗೆ ಇವತ್ತಿಗೂ ಸೇರಿಲ್ಲ. ನಾನು ಮೇಲೆ ಹೇಳಿದ ಎಂಜಿನಿಯರುಗಳ ಸಾಲಿಗೆ ಇದು ಹತ್ತಿರ. ಅಂಥ ಸಂಸ್ಥೆಯೇ 2022ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಮುಷ್ಕರಕ್ಕೆ ಇಳಿಯಿತು ಅಂದರೆ ಸಂಬಳದ ಸ್ಥಿತಿ ಹೇಗಿತ್ತು ಅಂತ ಯೋಚಿಸಿ. ಯೂನಿಸನ್ 1993ರಲ್ಲಿ ಮೂರು ಯೂನಿಯನ್ ಸೇರಿ ಆದದ್ದು. ಅದರಲ್ಲಿ ಒಂದರ ಬೇರು 1910ರ ಮಾನಸಿಕ ಆಸ್ಪತ್ರೆ ಕೆಲಸಗಾರರ ಸಂಘದಲ್ಲಿದೆ. ನರ್ಸು, ಪೋರ್ಟರು, ಕ್ಲೀನರು, ಗುಮಾಸ್ತ ಎಲ್ಲರೂ ಅದರಲ್ಲಿದ್ದಾರೆ.

ಸಂಬಳ ನಿಗದಿ ದೇಶಮಟ್ಟದಲ್ಲಿ ಆಗೋದರಿಂದ ಯಾವುದನ್ನು ಸೇರಿದರೂ ನಿಮ್ಮ ಸಂಬಳಕ್ಕೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರೋದು ತೊಂದರೆ ಬಂದ ದಿನ. ಶಿಸ್ತುಕ್ರಮದ ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನು ಜತೆಗೆ ಕರೆದುಕೊಂಡು ಹೋಗೋದು 1999ರ ಕಾಯ್ದೆ ಕೊಟ್ಟ ಹಕ್ಕು. ಹಾಗಾಗಿ ನಿಮ್ಮ ವಾರ್ಡಿನಲ್ಲಿ ವಿಚಾರಿಸಿ: ಯಾವ ಯೂನಿಯನ್ನಿನ ಪ್ರತಿನಿಧಿ ಇಲ್ಲಿ ಓಡಾಡುತ್ತಾರೆ, ಕರೆದರೆ ಬರುತ್ತಾರಾ, ವೀಸಾದ ಮೇಲೆ ಬಂದವರ ಕೇಸು ಹಿಡಿದು ಗೊತ್ತಾ. ಉತ್ತರ ಚೆನ್ನಾಗಿ ಬಂದ ಕಡೆ ಸೇರಿ. ಮತ್ತೆ ತಡ ಮಾಡಬೇಡಿ, ಸೇರುವ ಮೊದಲೇ ಶುರುವಾದ ತಕರಾರನ್ನು ಸಾಮಾನ್ಯವಾಗಿ ಯಾವ ಯೂನಿಯನ್ನೂ ಕೈಗೆತ್ತಿಕೊಳ್ಳಲ್ಲ.